ಮಧುರೆಯ ಅರಮನೆ, ಕಣಿವೆಯ ಕನ್ನಡ

ಪೆರಿಯಕುಳದಲ್ಲಿ ನೆಲೆಸಿರುವ ನಮಗೆ ಮಧುರೆ ಅಪರಿಚಿತ ನಗರವಲ್ಲ. ಮದುವೆಯ ಜವಳಿಗೆ, ದೊಡ್ಡಾಸ್ಪತ್ರೆಗೆ, ಮೀನಾಕ್ಷಿಯ ದರ್ಶನಕ್ಕೆ, ಹಿಂದೆ ಜಮೀನಿನ ವ್ಯಾಜ್ಯಕ್ಕೆ ಎಂದು ನಮ್ಮ ಹಿರಿಯರು ಲೆಕ್ಕವಿಲ್ಲದಷ್ಟು ಸಲ ಹೋಗಿ ಬಂದ ಊರದು. 1990ರ ದಶಕದಲ್ಲಿ ತೇನಿ ಜಿಲ್ಲೆ ರಚನೆಯಾಗುವವರೆಗೆ ನಮ್ಮ ತಾಲ್ಲೂಕು ಇದ್ದದ್ದೇ ಮಧುರೆ ಜಿಲ್ಲೆಯಲ್ಲಿ. ಆದರೂ ಆ ನಗರದ ನಡುವೆ ನಿಂತಿರುವ ತಿರುಮಲ ನಾಯಕನ ಅರಮನೆಯನ್ನು ನೋಡುವುದಕ್ಕೆಂದೇ ನಾವು ಹೊರಟದ್ದು ಈಚೆಗೆ, ಒಂದು ಭಾನುವಾರ. ಮನೆಯಲ್ಲಿ ಕನ್ನಡ ಆಡುವ ನಾಲ್ಕು ಕುಟುಂಬಗಳ ಹನ್ನೊಂದು ಜನ, ಒಂದು ಬಾಡಿಗೆ ವ್ಯಾನು, ಬುತ್ತಿಗೆ ಮೊಸರನ್ನ ಮತ್ತು ಉಪ್ಪಿನಕಾಯಿ. ನಮ್ಮೊಂದಿಗೆ ಎಂಬತ್ತು ದಾಟಿದ ತಾತ ಒಬ್ಬರಿದ್ದರು, ಶಾಲೆಗೆ ಹೋಗುವ ಮಕ್ಕಳು ಮೂವರಿದ್ದರು.

ಕನ್ನಡ ನಾಡಿನ ಓದುಗರಿಗೆ ಇಲ್ಲಿ ನಮ್ಮ ಸೀಮೆಯ ಬಗ್ಗೆ ಒಂದೆರಡು ಮಾತು ಹೇಳಬೇಕು. ಪಶ್ಚಿಮ ಘಟ್ಟಗಳ ಬುಡದಲ್ಲಿ ಪೆರಿಯಕುಳದಿಂದ ಬೋಡಿನಾಯಕನೂರು, ಉತ್ತಮಪಾಳ್ಯಗಳ ಮೂಲಕ ಕಂಬಂವರೆಗೆ ಚಾಚಿರುವ ಈ ಕಣಿವೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಸಮುದಾಯಗಳಿವೆ. ಕಪ್ಪಿಲಿಯರು ಎಂದು ಕರೆಯಲ್ಪಡುವ ಒಕ್ಕಲಿಗರು, ಅನುಪ್ಪರು, ದೇವಾಂಗ ನೇಕಾರರಲ್ಲಿ ಒಂದು ಪಂಗಡ - ಇವರೆಲ್ಲರ ಮನೆಯೊಳಗಿನ ಮಾತು ಕನ್ನಡ, ಓದುಬರಹ ತಮಿಳು. ವಿಜಯನಗರದ ಕಾಲದಲ್ಲಿ ತೆಂಕಣಕ್ಕೆ ಬಂದೆವು ಎಂಬುದು ಹಿರಿಯರಿಂದ ಕೇಳಿಬಂದ ಹೇಳಿಕೆ. 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿಯೂ ಕಪ್ಪಿಲಿಯರು ಮಧುರೆ ಸೀಮೆಯ ಕನ್ನಡ ಒಕ್ಕಲು ಮಕ್ಕಳು ಎಂದೇ ದಾಖಲಾಗಿದ್ದಾರೆ. ನಮ್ಮ ಭಾಷೆಗೆ ಇಲ್ಲಿ ಶಾಸನವಿಲ್ಲ, ಗ್ರಂಥವಿಲ್ಲ, ಶಾಲೆಯಿಲ್ಲ. ಅದು ನಾಲಿಗೆಯಿಂದ ನಾಲಿಗೆಗೆ ದಾಟಿ ಬಂದದ್ದು. ಇಂಥವರು ಒಂದು ರಾಜಮನೆತನದ ಅರಮನೆಯನ್ನು ನೋಡಲು ಹೋದಾಗ ನೋಟಕ್ಕೆ ಸಿಕ್ಕಿದ್ದೇನು ಎಂಬುದೇ ಈ ಬರಹದ ವಿಷಯ.

ತೇನಿ ದಾಟಿ, ಆಂಡಿಪಟ್ಟಿಯ ಕಣಿವೆದಾರಿ ಇಳಿದು, ಉಸಿಲಂಪಟ್ಟಿಯಲ್ಲಿ ಕಾಫಿ ಕುಡಿದು ಮಧುರೆ ಸೇರಿದಾಗ ಒಂಬತ್ತೂವರೆ. ಅರಮನೆ ಮೀನಾಕ್ಷಿ ದೇವಾಲಯದ ಆಗ್ನೇಯಕ್ಕಿದೆ. ಹೊರಗಿನಿಂದ ನೋಡಿದರೆ ಅದರ ದೊಡ್ಡಸ್ತಿಕೆ ಅರಿವಾಗುವುದಿಲ್ಲ. ಇಕ್ಕಟ್ಟಾದ ರಸ್ತೆ, ಸುತ್ತ ಅಂಗಡಿಗಳು, ಆಟೋಗಳ ಸದ್ದು. ಟಿಕೆಟ್ಟು ಪಡೆದು ದ್ವಾರ ದಾಟಿ ಅಂಗಳಕ್ಕೆ ಕಾಲಿಟ್ಟೊಡನೆ ಎಲ್ಲರೂ ಸುಮ್ಮನಾದೆವು. ನಾಲ್ಕೂ ಕಡೆ ಬಿಳಿಯ ಕಂಬಗಳ ಸಾಲು, ಕಂಬದಿಂದ ಕಂಬಕ್ಕೆ ಎಸಳೆಸಳಾಗಿ ಬಾಗಿದ ಕಮಾನುಗಳು, ಎದುರಿಗೆ ಗುಮ್ಮಟದ ಕೆಳಗೆ ರಾಜಪೀಠ. ಇದಕ್ಕೆ ಸ್ವರ್ಗ ವಿಲಾಸವೆಂದು ಹೆಸರು. ನಮ್ಮ ಮೂವರು ಮಕ್ಕಳು ಕೈಗೆ ಕೈ ಜೋಡಿಸಿ ಒಂದು ಕಂಬವನ್ನು ತಬ್ಬಲು ನೋಡಿದರು; ಕೈ ಕೂಡಲಿಲ್ಲ.

ತಿರುಮಲ ನಾಯಕ 1623ರಿಂದ 1659ರವರೆಗೆ ಆಳಿದವನು. 1529ರಲ್ಲಿ ವಿಶ್ವನಾಥ ನಾಯಕನಿಂದ ಆರಂಭವಾದ ಮಧುರೆಯ ನಾಯಕ ಮನೆತನ ಮೂಲತಃ ವಿಜಯನಗರದ ಅರಸರ ಪ್ರತಿನಿಧಿಯಾಗಿ ಬಂದ ತೆಲುಗು ಮನೆತನ. ಸೀಮೆಯನ್ನು ಎಪ್ಪತ್ತೆರಡು ಪಾಳೆಯಗಳಾಗಿ ಹಂಚಿ ಪಾಳೆಯಗಾರರಿಗೆ ಒಪ್ಪಿಸಿದ ಕೀರ್ತಿ ವಿಶ್ವನಾಥನಿಗೂ ಅವನ ದಳವಾಯಿ ಅರಿಯನಾಥ ಮೊದಲಿಯಾರನಿಗೂ ಸಲ್ಲುತ್ತದೆ. ತಿರುಮಲ ನಾಯಕ ತಿರುಚಿರಾಪಳ್ಳಿಯಲ್ಲಿದ್ದ ರಾಜಧಾನಿಯನ್ನು ಮತ್ತೆ ಮಧುರೆಗೆ ತಂದು, 1636ರಲ್ಲಿ ಈ ಅರಮನೆಯನ್ನು ಕಟ್ಟಿಸಿದ. ಇಟ್ಟಿಗೆ ಮತ್ತು ಗಾರೆಯ ಕೆಲಸ. ಮೇಲೆ ನುಣುಪಾದ ಸುಣ್ಣದ ಲೇಪ. ವಾಸ್ತುವಿನಲ್ಲಿ ದ್ರಾವಿಡ ರೀತಿ, ಇಸ್ಲಾಮಿನ ಕಮಾನು, ಯುರೋಪಿನ ಕಂಬ ಮೂರೂ ಒಂದಾಗಿವೆ. ಇಟಲಿಯ ಶಿಲ್ಪಿಯೊಬ್ಬನ ಕೈವಾಡವಿತ್ತೆಂಬ ಪ್ರತೀತಿಯೂ ಇದೆ. ಪುದು ಮಂಟಪ, ವಂಡಿಯೂರಿನ ತೆಪ್ಪಕೊಳ, ಪೂರ್ತಿಯಾಗದೆ ನಿಂತ ರಾಯಗೋಪುರ ಇವೂ ಅವನ ಕಾಲದವೇ.

ಅಂಗಳ ದಾಟಿದರೆ ಒಂದು ಬದಿಯಲ್ಲಿ ನಾಟಕಶಾಲೆ. ಅರಸ ನೃತ್ಯ ಗೀತಗಳನ್ನು ಸವಿಯುತ್ತಿದ್ದ ಆ ಉದ್ದನೆಯ ಹಜಾರದಲ್ಲಿ ಈಗ ಕಲ್ಲಿನ ಶಿಲ್ಪಗಳನ್ನೂ ಶಾಸನದ ಕಲ್ಲುಗಳನ್ನೂ ಸಾಲಾಗಿ ನಿಲ್ಲಿಸಿದ್ದಾರೆ. ಮೈ ಮುಕ್ಕಾದ ದೇವತೆಗಳು, ಯಾವುದೋ ಹಳ್ಳಿಯ ಹೊಲದಿಂದ ಎದ್ದು ಬಂದ ಕಲ್ಲುಗಳು. ಊರಿನ ಗುಡಿಯಲ್ಲಿದ್ದಾಗ ಎಣ್ಣೆ, ಅರಿಸಿನ ಕಂಡವು. ಇಲ್ಲಿ ಪ್ರತಿಯೊಂದಕ್ಕೂ ಒಂದು ಚೀಟಿ.

ಇಲ್ಲಿ ನಮ್ಮ ತಾತ ಒಂದು ಕಂಬದ ಬಳಿ ನಿಂತುಬಿಟ್ಟರು. "ನಮ್ಮಪ್ಪನ ಜೊತೆ ಚಿಕ್ಕಂದಿನಲ್ಲಿ ಬಂದಿದ್ದೆ. ಇದೇ ಕೋರ್ಟು. ಕೂಗೋವರೆಗೂ ಇಂಥ ಒಂದು ಕಂಬಕ್ಕೆ ಒರಗಿ ಕೂತಿದ್ವಿ. ಅರಮನೆ ಅಂತ ಯಾರು ನೋಡಿದ್ರು, ಕೇಸು ಏನಾಗುತ್ತೋ ಅಂತ ಭಯ" ಎಂದರು. ಅವರ ಮಾತು ನಿಜ. 1970ರವರೆಗೆ ಈ ಕಟ್ಟಡದಲ್ಲಿ ಜಿಲ್ಲಾ ನ್ಯಾಯಾಲಯ ನಡೆಯುತ್ತಿತ್ತು. ಆಮೇಲೆ ತಮಿಳುನಾಡು ಸರ್ಕಾರದ ಪುರಾತತ್ವ ಇಲಾಖೆಯ ಸಂರಕ್ಷಣೆಗೆ ಬಂದು, ನೋಡುವವರ ಅರಮನೆಯಾಯಿತು.

ಈ ಕಟ್ಟಡ ಉಳಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಇಂದು ನಾವು ಕಾಣುವುದು ಮೂಲ ಅರಮನೆಯ ಸುಮಾರು ಕಾಲುಭಾಗ ಮಾತ್ರ. ಅರಸನ ನಿವಾಸವಾಗಿದ್ದ ಸ್ವರ್ಗ ವಿಲಾಸಕ್ಕೆ ಜೊತೆಯಾಗಿ ಅವನ ತಮ್ಮನಿಗೆ ಸೇರಿದ ರಂಗ ವಿಲಾಸವಿತ್ತು. ಉದ್ಯಾನ, ಕೊಳ, ಆಯುಧಶಾಲೆ, ಗುಡಿ ಎಲ್ಲವೂ ಇದ್ದವು. ಅವು ಹೋದವು. ಅರಮನೆಯಿಂದ ಹೊರಬಂದು ಜವಳಿ ಅಂಗಡಿಗಳ ನಡುವೆ ನಡೆದರೆ 'ಪತ್ತು ತೂಣ್' ಎಂಬ ಸಂದಿಯಲ್ಲಿ ಹತ್ತು ಭಾರಿ ಕಂಬಗಳು ಆಧಾರವೂ ಇಲ್ಲದೆ, ಹೊರಲು ಚಾವಣಿಯೂ ಇಲ್ಲದೆ ನಿಂತಿವೆ. ಅರಮನೆ ಎಲ್ಲಿಯವರೆಗೆ ಹರಡಿತ್ತೆಂಬುದಕ್ಕೆ ಅವೇ ಸಾಕ್ಷಿ. ಅವುಗಳ ಕೆಳಗೆ ಸೀರೆ ಲುಂಗಿಗಳ ವ್ಯಾಪಾರ ಜೋರಾಗಿ ನಡೆದಿತ್ತು.

ಇಷ್ಟನ್ನು ಕೆಡವಿದ ಶತ್ರು ಯಾರು? ಮಕ್ಕಳು ಕೇಳಿದ್ದೂ ಇದನ್ನೇ. ಶತ್ರುವಲ್ಲ, ಮೊಮ್ಮಗ. ತಿರುಮಲ ನಾಯಕ ತೀರಿಕೊಂಡ ಕೆಲವೇ ತಿಂಗಳಲ್ಲಿ ಮಗನೂ ತೀರಿ, ಅದೇ 1659ರಲ್ಲಿ ಪಟ್ಟಕ್ಕೆ ಬಂದ ಮೊಮ್ಮಗ ಚೊಕ್ಕನಾಥ ನಾಯಕ ರಾಜಧಾನಿಯನ್ನು ತಿರುಚಿರಾಪಳ್ಳಿಗೆ ಬದಲಾಯಿಸಿದ. ಅಲ್ಲಿ ತನಗೊಂದು ಅರಮನೆ ಬೇಕೆಂದು ಅಜ್ಜನ ಅರಮನೆಯ ಬೆಲೆಬಾಳುವ ಭಾಗಗಳನ್ನು ಕಳಚಿ ಸಾಗಿಸಿದನೆಂದು ಇತಿಹಾಸಕಾರರು ಬರೆಯುತ್ತಾರೆ. ಆ ತಿರುಚಿರಾಪಳ್ಳಿಯ ಅರಮನೆಯಲ್ಲಿಯೂ ಈಗ ಉಳಿದಿರುವುದು ರಾಣಿ ಮಂಗಮ್ಮಾಳ್ ಮಹಲ್ ಎಂದು ಕರೆಯಲ್ಪಡುವ ಸಭಾಂಗಣ. ಅದೂ ಒಂದು ಸರ್ಕಾರಿ ವಸ್ತುಸಂಗ್ರಹಾಲಯ. ಮಧುರೆಯಲ್ಲಿ ಉಳಿದ ಭಾಗ ಹಾಳುಸುರಿಯುತ್ತಿದ್ದಾಗ, 1866ರಿಂದ 1872ರವರೆಗೆ ಮದರಾಸಿನ ಗವರ್ನರನಾಗಿದ್ದ ಲಾರ್ಡ್ ನೇಪಿಯರ್ ಅದನ್ನು ದುರಸ್ತಿ ಮಾಡಿಸಿ ಕಚೇರಿಗಳಿಗೆ ಯೋಗ್ಯವಾಗಿಸಿದ. ಅಜ್ಜ ಕಟ್ಟಿದ್ದನ್ನು ಮೊಮ್ಮಗ ಕಳಚಿದ, ಪರದೇಶಿಯೊಬ್ಬ ಹೊಲಿದು ನಿಲ್ಲಿಸಿದ. ಅಲ್ಲಿ ದಿನನಿತ್ಯದ ಕೆಲಸ ನಡೆಯುತ್ತಿದ್ದುದರಿಂದಲೇ ಚಾವಣಿ ಬೀಳಲಿಲ್ಲ ಎಂಬುದೂ ಗಮನಿಸತಕ್ಕದ್ದು.

ಇನ್ನು ಕನ್ನಡಿಗರಿಗೆ ಈ ಅರಮನೆಯೊಂದಿಗಿರುವ ಸಂಬಂಧ. ಅದು ಸುಖದ ಸಂಬಂಧವಲ್ಲ. ತಿರುಮಲ ನಾಯಕನ ಆಳ್ವಿಕೆಯ ಆರಂಭದಲ್ಲಿಯೇ ಮೈಸೂರಿನ ಸೈನ್ಯ ದಿಂಡಿಗಲ್ಲಿನವರೆಗೆ ಬಂದಿತ್ತು. ದಳವಾಯಿ ರಾಮಪ್ಪಯ್ಯನೂ ಕನ್ನಿವಾಡಿಯ ಪಾಳೆಯಗಾರನೂ ಅದನ್ನು ಹಿಮ್ಮೆಟ್ಟಿಸಿದರು. ಎರಡನೆಯ ಸಲ, ಸುಮಾರು 1656ರಲ್ಲಿ, ಕಂಠೀರವ ನರಸರಾಜ ಒಡೆಯರ ಸೈನ್ಯ ಸತ್ಯಮಂಗಲದ ಕಡೆಯಿಂದ ಇಳಿದು ಮಧುರೆಯ ಹತ್ತಿರಕ್ಕೇ ಬಂದಿತು. ಆಗ ತಿರುಮಲ ನಾಯಕ ಹಾಸಿಗೆ ಹಿಡಿದಿದ್ದ. ಸೈನಿಕರು ಹಾದಿಯಲ್ಲಿ ಸಿಕ್ಕ ಜನರ ಮೂಗು ಕೊಯ್ದು ಮೂಟೆ ಕಟ್ಟಿ ಮೈಸೂರಿಗೆ ಕಳುಹಿಸುತ್ತಿದ್ದರೆಂದು ಆ ಕಾಲದಲ್ಲಿ ಮಧುರೆ ಮಿಷನ್ನಿನಲ್ಲಿದ್ದ ಜೆಸೂಟ್ ಪಾದ್ರಿ ಪ್ರೊಯೆನ್ಸಾ 1659ರ ತನ್ನ ಪತ್ರದಲ್ಲಿ ಬರೆದಿದ್ದಾನೆ. ಮೂಗಿನ ಯುದ್ಧವೆಂಬ ಹೆಸರು ಬಂದದ್ದು ಹೀಗೆ. ನಾಯಕನ ಕರೆಗೆ ಓಗೊಟ್ಟು ಬಂದ ರಾಮನಾಥಪುರದ ರಘುನಾಥ ಸೇತುಪತಿ ಮೈಸೂರಿನವರನ್ನು ಓಡಿಸಿದ. ಬಳಿಕ ನಾಯಕನ ತಮ್ಮ ಕುಮಾರಮುತ್ತು ದಂಡೆತ್ತಿ ಹೋಗಿ ಮೈಸೂರು ಸೀಮೆಯ ಜನರ ಮೂಗುಗಳನ್ನು ಕೊಯ್ಸಿ ಸೇಡು ತೀರಿಸಿಕೊಂಡನೆಂದು ಅದೇ ಪತ್ರ ಹೇಳುತ್ತದೆ. ತಿರುಮಲ ನಾಯಕನೂ ಕಂಠೀರವ ನರಸರಾಜ ಒಡೆಯರೂ ತೀರಿಕೊಂಡದ್ದು ಒಂದೇ ವರ್ಷ, 1659ರಲ್ಲಿ.

ಹೀಗೆ ಹೊಡೆದಾಡಿದ ಇಬ್ಬರು ಅರಸರೂ ಒಂದೇ ಮನೆಯ ಆಸ್ತಿಗೆ ವಾರಸುದಾರರು. ವಿಜಯನಗರದ ಮಹಾನವಮಿಯನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆಚರಣೆಗೆ ತಂದರು. ಕಂಠೀರವ ನರಸರಾಜರ ಕಾಲದ ಆ ಉತ್ಸವದ ವೈಭವವನ್ನು 1648ರಲ್ಲಿ ಗೋವಿಂದ ವೈದ್ಯ ತನ್ನ ಕಾವ್ಯದಲ್ಲಿ ವರ್ಣಿಸಿದ. ಇತ್ತ ಮಧುರೆಯಲ್ಲಿ ನಾವು ನಿಂತಿದ್ದ ಇದೇ ಸ್ವರ್ಗ ವಿಲಾಸದಲ್ಲಿ ನವರಾತ್ರಿಯ ಒಡ್ಡೋಲಗ ನಡೆಯುತ್ತಿತ್ತು. ಮೈಸೂರಿನವರನ್ನು ಓಡಿಸಿದ ಸೇತುಪತಿಗೆ ನಾಯಕ ಕೊಟ್ಟ ಉಡುಗೊರೆಗಳಲ್ಲಿ ಒಂದು, ರಾಮನಾಥಪುರದಲ್ಲಿಯೂ ಮಧುರೆಯ ಮಾದರಿಯಲ್ಲಿ ನವರಾತ್ರಿ ಆಚರಿಸುವ ಹಕ್ಕು. ಒಂದೇ ಹಬ್ಬ ಮೂರು ಅರಮನೆಗಳಲ್ಲಿ ನಡೆಯಿತು. ಆ ಮೂರು ಅರಮನೆಗಳ ನಡುವಿನ ಹಳ್ಳಿಗಳಲ್ಲಿ ಜನ ಮೂಗು ಕಳೆದುಕೊಂಡರು.

ಈ ಕಥೆಯನ್ನು ಕಂಬದ ನೆರಳಿನಲ್ಲಿ ಕುಳಿತು ಮಕ್ಕಳಿಗೆ ಹೇಳಿ ಮುಗಿಸಿದಾಗ ಏಳನೆಯ ತರಗತಿಯ ಹುಡುಗ ಕೇಳಿದ: "ತಾತ, ಆಗ ನಮ್ಮೋರು ಯಾವ ಕಡೆ ಇದ್ರು?" ನಾವು ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಭಾಷೆಯಿಂದ ನೋಡಿದರೆ ಬಂದ ದಂಡು ನಮ್ಮ ಮಾತಿನವರದು; ನೆಲದಿಂದ ನೋಡಿದರೆ ನಾವು ಮಧುರೆಯವರು. ತಾತ ಮಾತ್ರ ತಡಮಾಡಲಿಲ್ಲ. "ಮೂಗು ಕಳಕೊಂಡೋರ ಕಡೆ ಕಣಪ್ಪ. ಒಕ್ಕಲು ಮಕ್ಕಳು ಇನ್ಯಾವ ಕಡೆ ಇರ್ತಾರೆ?" ಎಂದರು. ಯಾವ ಇತಿಹಾಸ ಗ್ರಂಥದಲ್ಲಿಯೂ ಈ ಉತ್ತರ ನಮಗೆ ಸಿಕ್ಕಿರಲಿಲ್ಲ. ಕೊಯ್ಯುವ ಕತ್ತಿ ನಿಲ್ಲಿಸಿ ನಿನ್ನ ಮನೆಮಾತು ಯಾವುದೆಂದು ಕೇಳುವುದಿಲ್ಲ.

ಊಟ ಮುಗಿಸಿ ಹಿಂದಿರುಗುವಾಗ ಬಂದ ದಾರಿ ಬಿಟ್ಟು ದಿಂಡಿಗಲ್ಲಿನ ಮೇಲೆ ಹೋಗೋಣವೆಂದು ನಿಶ್ಚಯಿಸಿದೆವು. ಮೈಸೂರಿನ ಮಾತು ಬಂದ ಮೇಲೆ ಆ ಕೋಟೆಯನ್ನು ನೋಡದೆ ಬರುವುದು ಸರಿಯಲ್ಲವೆನಿಸಿತು. ದಿಂಡಿನ ಆಕಾರದ ಕಲ್ಲು ದಿಂಡಿಗಲ್. ತಮಿಳಿನವರು 'ತಿಂಡು' ಎನ್ನುತ್ತಾರೆ, ನಾವು 'ದಿಂಡು' ಎನ್ನುತ್ತೇವೆ; ಒರಗಿಕೊಳ್ಳುವ ವಸ್ತು ಒಂದೇ. ಬೋಳುಬಂಡೆಯ ಮೇಲೆ 1605ರಲ್ಲಿ ಮುತ್ತುಕೃಷ್ಣಪ್ಪ ನಾಯಕ ಕಟ್ಟಿಸಿದ ಕೋಟೆ ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ಮೈಸೂರಿನ ವಶವಾಯಿತು. 1755ರಲ್ಲಿ ಇಲ್ಲಿಗೆ ಫೌಜದಾರನಾಗಿ ಬಂದವನು ಹೈದರಾಲಿ. ಫ್ರೆಂಚ್ ಕುಶಲಕರ್ಮಿಗಳ ನೆರವಿನಿಂದ ಅವನು ಇಲ್ಲಿ ಮದ್ದುಗುಂಡಿನ ವ್ಯವಸ್ಥೆ ಮಾಡಿಕೊಂಡ; ಅವನ ಮುಂದಿನ ಏಳಿಗೆಗೆ ತಳಪಾಯ ಬಿದ್ದದ್ದು ಈ ಬಂಡೆಯ ಮೇಲೆ.

ಇನ್ನೂ ಒಂದು ಸಂಗತಿ. 1772ರಲ್ಲಿ ಕಾಳೆಯಾರ್‌ಕೋವಿಲಿನಲ್ಲಿ ಶಿವಗಂಗೆಯ ಅರಸ ಮುತ್ತು ವಡುಗನಾಥ ಇಂಗ್ಲಿಷರ ಗುಂಡಿಗೆ ಬಲಿಯಾದಾಗ ಅವನ ರಾಣಿ ವೇಲು ನಾಚಿಯಾರ್ ಮಗಳೊಂದಿಗೆ ಆಶ್ರಯ ಪಡೆದದ್ದು ಈ ದಿಂಡಿಗಲ್ ಸೀಮೆಯ ವಿರೂಪಾಕ್ಷಿಯಲ್ಲಿ. ಹೈದರಾಲಿಯ ನೆರವು ಪಡೆದು 1780ರಲ್ಲಿ ಅವಳು ಶಿವಗಂಗೆಯನ್ನು ಮರಳಿ ಗೆದ್ದಳು. ಈಕೆ ಹುಟ್ಟಿದ್ದು ರಾಮನಾಥಪುರದ ಸೇತುಪತಿ ಮನೆತನದಲ್ಲಿ. ಮೈಸೂರಿನ ದಂಡನ್ನು ಮಧುರೆಯ ಬಾಗಿಲಿನಿಂದ ಓಡಿಸಿದ ಮನೆಯ ಮಗಳು, ಸುಮಾರು ನೂರ ಇಪ್ಪತ್ತು ವರ್ಷಗಳ ತರುವಾಯ, ಮೈಸೂರಿನ ನೆರಳಿನಲ್ಲಿಯೇ ನಿಂತು ತನ್ನ ನಾಡನ್ನು ಪಡೆದಳು. ಹಗೆಯೂ ಸ್ನೇಹವೂ ಸಿಂಹಾಸನಗಳ ಅಗತ್ಯಕ್ಕೆ ತಕ್ಕಂತೆ ಬದಲಾಗುವಂಥವು. 1790ರಲ್ಲಿ ಕರ್ನಲ್ ಜೇಮ್ಸ್ ಸ್ಟುವರ್ಟ್ ಈ ಕೋಟೆಯನ್ನು ಹಿಡಿದ; 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ದಿಂಡಿಗಲ್ ಕಂಪನಿಗೆ ಸೇರಿತು. ಅಲ್ಲಿಗೆ ಮೈಸೂರಿನ ಆಡಳಿತ ಈ ಸೀಮೆಯಿಂದ ಹೋಯಿತು. ಕನ್ನಡ ಹೋಗಲಿಲ್ಲ, ಏಕೆಂದರೆ ಅದು ಆ ಆಡಳಿತವನ್ನು ನೆಚ್ಚಿಕೊಂಡು ಬದುಕಿದ್ದಲ್ಲ.

ತಾತನೂ ಹೆಂಗಸರಿಬ್ಬರೂ ಕೆಳಗೆ ಉಳಿದರು. ಮಿಕ್ಕವರು ಬಂಡೆಯ ಮೆಟ್ಟಿಲು ಹತ್ತಿದೆವು. ತುದಿಯಲ್ಲಿ ಒಂದು ಗುಡಿಯಿದೆ, ಒಳಗೆ ಮೂರ್ತಿಯಿಲ್ಲ. ದೇವರು ಕೆಳಗೆ ಊರೊಳಗಿನ ದೇವಾಲಯಕ್ಕೆ ಇಳಿದು ಬಹುಕಾಲವಾಯಿತು. ಪೂಜೆ ಅಲ್ಲಿ ನಡೆಯುತ್ತಿದೆ. ಪಶ್ಚಿಮಕ್ಕೆ ನಮ್ಮ ಬೆಟ್ಟಗಳ ಸಾಲು ನೀಲಿಯಾಗಿ ಕಾಣುತ್ತಿತ್ತು.

ಸೆಂಪಟ್ಟಿ, ವತ್ತಲಗುಂಡು, ದೇವದಾನಪಟ್ಟಿಗಳ ಮೇಲೆ ಕತ್ತಲಲ್ಲಿ ಬರುವಾಗ ಮಾತು ಅರಮನೆಯತ್ತ ತಿರುಗಿತು. ಮಕ್ಕಳು ತಮ್ಮತಮ್ಮಲ್ಲಿ ತಮಿಳಿನಲ್ಲಿಯೇ ಮಾತನಾಡುತ್ತಿದ್ದರು. ತಾತ ಕನ್ನಡದಲ್ಲಿ ಕೇಳಿದರೆ ಅರ್ಥವಾಗುತ್ತದೆ, ಉತ್ತರ ತಮಿಳಿನಲ್ಲಿ ಬರುತ್ತದೆ. ಇದು ನಮ್ಮ ಮನೆಗಳಲ್ಲಿ ಹೊಸತೇನಲ್ಲ. ತಮಿಳು ನಮಗೆ ಅನ್ನ ಕೊಟ್ಟ, ಅಕ್ಷರ ಕೊಟ್ಟ ಭಾಷೆ. ಅದರ ಮೇಲೆ ನಮಗೆ ದೂರಿಲ್ಲ. ನಮ್ಮ ಮನೆಯೊಳಗೆ ಕನ್ನಡ ಆಡಬೇಡಿರೆಂದು ಯಾರೂ ಬಂದು ಹೇಳಲಿಲ್ಲ. ಆದರೂ ಮೊದಲು ಹಬ್ಬದ ಮಾತು ಹೋಯಿತು, ಆಮೇಲೆ ಹೊಲದ ಮಾತು, ಈಗ ಅಡುಗೆಮನೆಯ ಮಾತು ಹೋಗುತ್ತಿದೆ. ಬೇರೊಂದು ಕಡೆ ಮನೆ ಕಟ್ಟಲು ಅಜ್ಜನ ಮನೆಯ ತೊಲೆ ಬಾಗಿಲುಗಳನ್ನು ಕಳಚಿದ ಚೊಕ್ಕನಾಥನನ್ನು ಬೆಳಗ್ಗೆ ನಾವು ಆಡಿಕೊಂಡಿದ್ದೆವು. ಸಂಜೆ ಆ ಮಾತು ನಮ್ಮ ಮೇಲೆಯೇ ಬಂದು ಕುಳಿತಿತು.

ಆಗ ತಾತ ಕಂಬಂನ ದನದ ಮಂದೆಯ ವಿಷಯ ತೆಗೆದರು. ಅಲ್ಲಿ ನಮ್ಮ ಒಕ್ಕಲಿಗರು ದೇವರ ಹೆಸರಿನಲ್ಲಿ ಸಾಕಿಕೊಂಡು ಬಂದಿರುವ ಮಂದೆಯೊಂದಿದೆ. ತಮಿಳಿನಲ್ಲಿ ಅದನ್ನು ತಂಬಿರಾನ್ ಮಾಡು ಎನ್ನುತ್ತಾರೆ. ಕನ್ನಡದಲ್ಲಿ 'ದೇವರು ಆವು'. ಥರ್ಸ್ಟನ್ನನ ಸಂಪುಟದಲ್ಲಿ ಈ ಮಂದೆಯ ವಿವರವಿದೆ. ಮಂದೆಗೆ ಮುಂದಾಳಾದ ಹೋರಿಗೆ 'ಪಟ್ಟದ ಆವು' ಎಂದು ಹೆಸರು. ಅದು ಸತ್ತರೆ ಹೊಸದನ್ನು ಆರಿಸುವ ಕ್ರಮ ಹೀಗೆ: ಒಳ್ಳೆಯ ದಿನ ನೋಡಿ ಮಂದೆಯನ್ನೆಲ್ಲ ಸೇರಿಸಿ, ಕರ್ಪೂರ ಬೆಳಗಿ, ಎದುರಿಗೆ ಒಂದು ಕಬ್ಬಿನ ಕಟ್ಟು ಇಡುತ್ತಾರೆ. ಯಾವ ಹೋರಿ ಮೊದಲು ಬಂದು ಕಬ್ಬಿಗೆ ಬಾಯಿ ಹಾಕುತ್ತದೆಯೋ ಅದಕ್ಕೆ ಪಟ್ಟ. ಅರಿಸಿನ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ ಪೂಜಿಸುತ್ತಾರೆ. ಕಂಬಂನಲ್ಲಿ ಆ ತೊಟ್ಟಿ, ಆ ನಂದಗೋಪಾಲನ ಸನ್ನಿಧಿ ಈಗಲೂ ಇದೆ. ಮಾಟ್ಟುಪ್ಪೊಂಗಲ್ ದಿನ ಸುತ್ತಲ ಊರುಗಳ ಜನ ಅಲ್ಲಿ ಸೇರುತ್ತಾರೆ.

ಪಟ್ಟದ ಆನೆ, ಪಟ್ಟದ ಕುದುರೆ ಎಂದು ಮೈಸೂರಿನ ದಸರೆಯಲ್ಲಿ ಕೇಳುತ್ತೇವೆ. ಆವು ಎಂದರೆ ಹಸು ಎಂದು ಹಳೆಯ ಕನ್ನಡ ಕಾವ್ಯ ಓದಿದವರಿಗೆ ತಿಳಿದಿರುತ್ತದೆ. ಈ ಎರಡು ಮಾತುಗಳನ್ನು ಅಕ್ಷರ ಬಾರದ ದನಗಾಹಿಗಳು ಒಂದು ಮಂದೆಯ ಸುತ್ತ ಕಾಪಾಡಿಕೊಂಡು ಬಂದಿದ್ದಾರೆ. ಮಧುರೆಯ ಆ ಭವ್ಯ ಹಜಾರದಲ್ಲಿ ಪಟ್ಟವೇರುವವರು ಯಾರೂ ಇಲ್ಲ. ಕಂಬಂನ ತೊಟ್ಟಿಯಲ್ಲಿ ಪಟ್ಟಕ್ಕೆ ಇನ್ನೂ ಕೆಲಸವಿದೆ. ಅರಮನೆಯನ್ನು ಕಾಯಲು ಸರ್ಕಾರವಿದೆ, ಇಲಾಖೆಯಿದೆ, ಟಿಕೆಟ್ಟಿನ ಹಣವಿದೆ. ಇಂಥ ಮಾತುಗಳನ್ನು ಕಾಯಲು ಆಡುವವರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ನ್ಯಾಯಾಲಯ ನಡೆದದ್ದರಿಂದ ಅರಮನೆ ಉಳಿಯಿತು. ದಿನದ ಕೆಲಸ ನಡೆದರೆ ಭಾಷೆಯೂ ಉಳಿಯುತ್ತದೆ.

ಈ ಸಮ್ಮೇಳನದಲ್ಲಿ ಸೇರುವ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಕರ್ನಾಟಕದ ಹೊರಗಿನ ಕನ್ನಡವೆಂದರೆ ಸಂಘ, ಶಾಲೆ, ಪುಸ್ತಕಗಳಷ್ಟೇ ಅಲ್ಲ. ಕನ್ನಡ ಅಕ್ಷರವನ್ನೇ ಕಾಣದ ಕನ್ನಡಿಗರು ಈ ಕಣಿವೆಯಂಥ ಎಡೆಗಳಲ್ಲಿ ಇದ್ದಾರೆ. ಅವರ ಹಿರಿಯರ ಬಳಿ ಕುಳಿತು ದನ, ಬೆಳೆ, ನೆಂಟಸ್ತಿಕೆ, ಹಬ್ಬಗಳ ಮಾತುಗಳನ್ನು ಕೇಳಿ ಬರೆದಿಡುವ ಕೆಲಸ ಆಗಬೇಕು. ನಾವು ಆರಂಭಿಸಿದ್ದೇವೆ. ಅಂದು ರಾತ್ರಿ ಪೆರಿಯಕುಳದ ಬಸ್ ನಿಲ್ದಾಣದ ಹತ್ತಿರ ವ್ಯಾನಿನಿಂದ ಇಳಿಯುವಾಗ ಏಳನೆಯ ತರಗತಿಯ ಹುಡುಗ ತಾತನ ಕೈ ಹಿಡಿದು, ಮುಂದಿನ ಪೊಂಗಲಿಗೆ ಕಂಬಂಗೆ ಕರೆದುಕೊಂಡು ಹೋಗೆಂದು ಕೇಳಿದ. ಕನ್ನಡದಲ್ಲಿ ಕೇಳಿದ. 'ಪಟ್ಟದ ಆವು' ಎಂಬ ಮಾತನ್ನು ಎರಡು ಸಲ ತಪ್ಪಿ, ಮೂರನೆಯ ಸಲ ಸರಿಯಾಗಿ ಹೇಳಿದ. ನಮ್ಮ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿರುವುದು ಅದೇ ಮಾತು.